ಬಸ್ತಿಹಳ್ಳಿ ಕಟ್ಟೆಯ ಕೆಂಪುಗೆರೆ ಮೀನು

ನಾನು ಹುಟ್ಟಿದ್ದು ಮೀನಿನ ಹೆಸರೆತ್ತಿದರೆ ಮೂಗು ಮುಚ್ಚಿಕೊಳ್ಳುವ ಮನೆಯಲ್ಲಿ. ಅನ್ನ ಹುಟ್ಟಿದ್ದು ಮೀನಿನ ಇಲಾಖೆಯಲ್ಲಿ. ಅರಸೀಕೆರೆ ಹತ್ತಿರದ ತೆಂಗಿನ ತೋಟದ ಮನೆತನ ನಮ್ಮದು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಹೊಸ ಫಸಲಿನ ಮೊದಲ ಕಾಯಿ ಮಠಕ್ಕೆ. ಕ್ಷೇತ್ರಪಾಲಕನ ಹುದ್ದೆಗೆ ಆದೇಶ ಅಂಚೆಯಲ್ಲಿ ಬಂದ ದಿನ ಅಪ್ಪ ಅದನ್ನು ಎರಡು ಸಲ ಓದಿ, "ಇದು ದೇವಸ್ಥಾನದ ಕೆಲ್ಸ ಏನೋ ಶಿವಲಿಂಗ?" ಎಂದು ಕೇಳಿದರು.

"ಅಲ್ಲಪ್ಪ, ಕೆರೆಗಳಿಗೆ ಮೀನಿನ ಮರಿ ಬಿಡೋದು."

"ಬಿಡೋದು ತಾನೆ? ಹಿಡಿಯೋದಲ್ವಲ್ಲ? ಹಂಗಾದ್ರೆ ಪುಣ್ಯದ ಕೆಲ್ಸ, ಹೋಗು."

ಆ ಪುಣ್ಯದ ಕೆಲಸ ಎಂಥದು ಎಂದು ಅಪ್ಪನಿಗೆ ಕೊನೆಯವರೆಗೂ ನಾನು ಬಿಡಿಸಿ ಹೇಳಲಿಲ್ಲ. ಇಲಾಖೆಗೆ ಈಗ ಹೊಸದಾಗಿ ಸೇರಿರುವ ನಿಮಗಾದರೂ ಹೇಳೋಣ ಎಂದು ಬರೆಯಲು ಕೂತಿದ್ದೇನೆ. ಯಾವ ವರ್ಷ ಯಾವ ಬಡ್ತಿ ಬಂತು, ನಿವೃತ್ತಿಯ ದಿನ ಯಾರು ಹಾರ ಹಾಕಿದರು ಎಂಬುದೆಲ್ಲ ಸೇವಾ ಪುಸ್ತಕದಲ್ಲೂ ಗೋಡೆಯ ಫೋಟೋದಲ್ಲೂ ಇದೆ, ಬೇಕಾದವರು ನೋಡಿಕೊಳ್ಳಿ. ನಾನು ಹೇಳಹೊರಟಿರುವುದು ಬೆರಳುದ್ದದ ಒಂದು ಮೀನಿನ ವಿಷಯ. ನೆನೆಸಿಕೊಂಡರೆ ಈಗಲೂ ಎದ್ದು ಓಡಬೇಕು ಅನ್ನಿಸುತ್ತದೆ. ಮೊಣಕಾಲು ಒಪ್ಪುವುದಿಲ್ಲ, ಅಷ್ಟೇ.

ನನ್ನ ಮೊದಲ ಸಾಹೇಬರು ಹನುಮಂತೇಗೌಡರು. ಆರಡಿ ಆಳು. ಮಾತಾಡಿದರೆ ಕೆರೆಯ ಆಚೆ ದಡಕ್ಕೆ ಕೇಳಿಸಬೇಕು. ಕೆಲಸಕ್ಕೆ ಸೇರಿದ ದಿನವೇ ಏರಿಯ ಮೇಲೆ ನಿಲ್ಲಿಸಿಕೊಂಡು ಪಾಠ ಹೇಳಿದರು: "ನೋಡ್ರಿ ಶಿವಲಿಂಗಪ್ಪ, ಸರ್ಕಾರಕ್ಕೆ ಮೀನು ಅಂದ್ರೆ ಕಾಟ್ಲಾ, ರೋಹು, ಮೃಗಾಲ್. ಮೂರೇ. ಉಳಿದ ಪಿಳ್ಳೆ ಪಿಸುಕೆಲ್ಲ ಕಳೆ ಮೀನು. ಹೊಲದಲ್ಲಿ ಕಳೆ ಕೀಳಲ್ವಾ? ಹಂಗೇ ಇಲ್ಲೂ ಕೀಳಬೇಕು."

ಕೀಳುವ ವಿಧಾನ ಹೀಗಿತ್ತು. ದೊಡ್ಡ ಮೀನಿನ ಮರಿಗಳು ನಮ್ಮ ಕೈಗೆ ಬರುವಾಗ ಜೀರಿಗೆ ಕಾಳಿನಷ್ಟಿರುತ್ತವೆ. ಅವನ್ನು ನೇರವಾಗಿ ಕೆರೆಗೆ ಬಿಟ್ಟರೆ ಬೇರೆ ಮೀನುಗಳು ತಿಂದುಹಾಕುತ್ತವೆ. ಅದಕ್ಕೆ ಮೊದಲು ಒಂದು ಸಣ್ಣ ಕಟ್ಟೆಯಲ್ಲಿಟ್ಟು ಸಾಕಬೇಕು. ಆ ಕಟ್ಟೆಯಲ್ಲಿ ಮೊದಲೇ ಇರುವ ಮೀನುಗಳನ್ನೆಲ್ಲ ಮುಗಿಸಲು ಹಿಪ್ಪೆ ಬೀಜದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ. ಮೂಟೆಗಟ್ಟಲೆ ಹಿಂಡಿ ಕುಟ್ಟಿ, ನೆನೆಸಿ, ಬೆಳಗಿನ ಹೊತ್ತು ನೀರಿಗೆಲ್ಲ ಎರಚಿದರೆ ಸಾಕು. ನೊರೆ ಏಳುತ್ತದೆ. ಸ್ವಲ್ಪ ಹೊತ್ತಿಗೆ ತಳದ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಎರಡು ಮೂರು ವಾರ ಕಳೆದರೆ ವಿಷ ಇಳಿದು ಅದೇ ಹಿಂಡಿ ಗೊಬ್ಬರವಾಗುತ್ತದೆ, ಆಗ ನಮ್ಮ ಮರಿ ಬಿಡುವುದು. ಆ ಮೀನು ತಿಂದವರಿಗೇನೂ ಆಗುವುದಿಲ್ಲವಾದ್ದರಿಂದ ನಾವು ಹಿಂಡಿ ಹಾಕುವ ದಿನ ಊರಿನ ಹೆಂಗಸರೆಲ್ಲ ಬೇಸಿನ್ನು, ಹಳೇ ಸೀರೆ ಹಿಡಿದು ದಡದಲ್ಲಿ ಕಾಯುತ್ತಿದ್ದರು. ಅವರಿಗೆ ಹಬ್ಬ, ನಮಗೆ ನಮೂನೆಯಲ್ಲಿ ತುಂಬಲು ಒಂದು ಸಾಲು: ಕಳೆ ಮೀನು ನಿರ್ಮೂಲನ, ಪೂರ್ಣ. ಆ ಸಾಲನ್ನು ನಾನು ದುಂಡಗಿನ ಅಕ್ಷರದಲ್ಲಿ ಎಷ್ಟು ಸಲ ಬರೆದಿದ್ದೇನೋ.

ಹೀಗೆ ಹತ್ತು ಹನ್ನೆರಡು ವರ್ಷ ಕಳೆಯಿತು. ಗೌಡರು ಹಾಸನಕ್ಕೆ ಮೇಲಿನ ಹುದ್ದೆಗೆ ಹೋದರು, ನಾನು ಬೇಲೂರು ಕಚೇರಿಗೆ ಬಂದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಆಗ ನಮ್ಮ ಕಚೇರಿಗೆ ಅಧಿಕಾರಿಯಾಗಿ ಬಂದವರು ಸುಮಿತ್ರಾ ಮೇಡಂ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಓದಿನಲ್ಲಿ ಎಷ್ಟೋ ಮೇಲು. ಬಂದ ಎರಡನೇ ದಿನ ನನ್ನನ್ನು ಕರೆದು ಒಂದು ಹಳೆಯ ನೋಟ್ ಬುಕ್ ಬಿಚ್ಚಿದರು. ಅದು ಅವರ ಗುರುಗಳದಂತೆ. ಒಳಗೆ ಬಣ್ಣದ ಪೆನ್ಸಿಲ್ಲಿನಲ್ಲಿ ಬರೆದ ಒಂದು ಮೀನು. ಬೆರಳಿನಷ್ಟು ಉದ್ದ, ಬೂದಿ ಮೈ, ಕಿವಿರಿನಿಂದ ಬಾಲದವರೆಗೆ ಕುಂಕುಮ ಎಳೆದ ಹಾಗೆ ಕೆಂಪು ಗೆರೆ. ಕೆಳಗೆ "ಹಳೇಬೀಡು ಸೀಮೆ" ಎಂದಷ್ಟೇ ಇತ್ತು.

"ನಮ್ಮ ಮೇಷ್ಟ್ರು ಯುವಕರಾಗಿದ್ದಾಗ ಒಂದೇ ಒಂದು ಸಲ ಕಂಡದ್ದಂತೆ, ಶಿವಲಿಂಗಪ್ಪನವರೇ. ಆಮೇಲೆ ಯಾರಿಗೂ ಸಿಕ್ಕಿಲ್ಲ. ಅವರ ಕೈಯಲ್ಲಿ ಬಣ್ಣದ ಪೆನ್ಸಿಲ್ ಜಾಸ್ತಿ ಇತ್ತು ಅಂತ ಜೊತೆಯವರೆಲ್ಲ ನಕ್ಕರಂತೆ. ನಾವು ಹುಡುಕೋಣವಾ?"

ನಾನು ಮನಸ್ಸಿನಲ್ಲೇ, ಅಮ್ಮಾ, ಇದು ಕಳೆ ಮೀನು, ಕೊಲ್ಲುವುದಕ್ಕೆ ಸಂಬಳ ಕೊಡುತ್ತಾರೆ, ಹುಡುಕುವುದಕ್ಕಲ್ಲ ಎಂದುಕೊಂಡೆ. ಬಾಯಲ್ಲಿ ಮಾತ್ರ "ಆಗಲಿ ಮೇಡಂ" ಎಂದೆ. ಆದರೆ ನಿಜ ಹೇಳುತ್ತೇನೆ, ಒಂದು ತಿಂಗಳೊಳಗೆ ನನಗೇ ಹುಚ್ಚು ಹಿಡಿಯಿತು. ಅಷ್ಟು ವರ್ಷ ನೀರಿನ ಮೇಲೆ ಹಿಂಡಿ ಎರಚಿದವನು ಮೊದಲ ಸಲ ನೀರಿನ ಒಳಗೆ ಇಣುಕಿ ನೋಡಿದೆ. ಅಲ್ಲಿ ಏನೇನಿತ್ತು! ಗಾಜಿನಂತೆ ಮೈಯೊಳಗಿನ ಮುಳ್ಳು ಕಾಣುವ ಮೀನು, ಕಲ್ಲಿಗೆ ಬಾಯಿ ಕಚ್ಚಿಕೊಂಡು ನೀರಿನ ಸೆಳೆತಕ್ಕೆ ಜಗ್ಗದ ಮೀನು, ತಲೆಯ ಮೇಲೆ ಬಿಳಿ ಬೊಟ್ಟಿಟ್ಟುಕೊಂಡು ತಿರುಗುವ ಮೀನು. ಒಂದೊಂದು ಸಿಕ್ಕಾಗಲೂ ನಾನು "ಮೇಡಂ!" ಎಂದು ಕೂಗುವುದು, ಅವರು ಸೆರಗು ಸಿಕ್ಕಿಸಿ ನೀರಿಗೆ ಇಳಿಯುವುದು. ಸೈಕಲ್ಲಿನ ಹಿಂದೆ ಬೀಸುಬಲೆ ಕಟ್ಟಿಕೊಂಡು ಹೊರಟರೆ ಮನೆ ನೆನಪಾಗುತ್ತಿರಲಿಲ್ಲ.

ಬೇಲೂರಿನ ಯಗಚಿ ಹೊಳೆಯ ಬಂಡೆಗಳ ಮೇಲೆ ಎಷ್ಟು ಸಲ ಜಾರಿ ಬಿದ್ದೆನೋ ಲೆಕ್ಕವಿಲ್ಲ. ಅರಸೀಕೆರೆಯ ಕೆರೆಯಲ್ಲಿ ಎರಡು ದಿನ ಎಳೆಬಲೆ ಎಳೆದು ಎತ್ತಿದ್ದು ಒಂದು ಹರಿದ ಕೊಡೆ ಮತ್ತು ಬುಟ್ಟಿ ತುಂಬ ಪಾಚಿ. ಮಾಲೇಕಲ್ಲು ಬೆಟ್ಟದ ಬುಡದ ಕೊಳದ ಕಥೆಯಂತೂ ಹೇಳಲೇಬೇಕು. ಅಲ್ಲಿ ಬಲೆ ಬೀಸುವುದು ಬೇಡ, ಭಕ್ತರು ಬೇಸರ ಮಾಡಿಕೊಳ್ಳುತ್ತಾರೆ, ಸುಮ್ಮನೆ ಪುರಿ ಹಾಕಿ ಮೇಲೆ ಬರುವ ಮೀನು ನೋಡೋಣ ಎಂದು ಮೇಡಂ ಹೇಳಿದ್ದರು. ನಾನು ಕೇಳಬೇಕಲ್ಲ! ಅವರು ಅತ್ತ ತಿರುಗಿದಾಗ ಸಣ್ಣ ಕೈಬಲೆ ಅದ್ದಿದೆ. ಬೆಟ್ಟ ಹತ್ತಲು ಬಂದಿದ್ದ ಒಬ್ಬ ಅಜ್ಜಿ ನನ್ನ ಹಣೆ ನೋಡಿದರು, ಬಲೆ ನೋಡಿದರು, ಮತ್ತೆ ಹಣೆ ನೋಡಿದರು.

"ಏನಪ್ಪಾ, ಮೂರು ಬೆರಳು ವಿಭೂತಿ ಬಳ್ಕಂಡು ದೇವ್ರ ಕೊಳದಾಗೆ ಮೀನು ಹಿಡೀತೀಯಲ್ಲ, ನಿಂಗೆ ನಾಚ್ಕೆ ಆಗಲ್ವಾ?"

"ತಿನ್ನೋಕಲ್ಲ ಕಣಜ್ಜಿ, ನೋಡೋಕೆ" ಎಂದೆ.

"ಎಲ್ರೂ ಹಂಗೇ ಅಂತಾರೆ" ಎಂದು ಅಜ್ಜಿ ಅಲ್ಲೇ ಕೂತು ನಾವು ಜಾಗ ಖಾಲಿ ಮಾಡುವವರೆಗೂ ಕಾವಲು ಕಾದರು. ಮೇಡಂ ವಾಪಸ್ ಬರುವ ಬಸ್ಸಿನಲ್ಲಿ ಬಾಣಾವರದವರೆಗೂ ನಗುತ್ತಿದ್ದರು.

ಎಲ್ಲಿ ಹೋದರೂ ಸಿಗುತ್ತಿದ್ದದ್ದು ಮರಳು ಮೀನು. ಬೂದಿ ಬಣ್ಣದ, ಏನೂ ಚೆಂದವಿಲ್ಲದ ಮೀನು. ಹಗಲೆಲ್ಲ ಮರಳಿನಲ್ಲಿ ಹೂತುಕೊಂಡು ಕಣ್ಣು ಮಾತ್ರ ಹೊರಗೆ ಬಿಟ್ಟಿರುತ್ತದೆ. ಕಾಲಿಟ್ಟರೆ ಮಿಂಚಿ ಇನ್ನೊಂದು ಕಡೆ ಹೂತುಕೊಳ್ಳುತ್ತದೆ. "ಮತ್ತೆ ಇವನೇ!" ಎಂದು ಬೈದು ಬೈದು ನೀರಿಗೆ ಎಸೆಯುತ್ತಿದ್ದೆ.

ಹಳೇಬೀಡಿನ ಕೆರೆಯ ತೂಬಿನ ಕೆಳಗೆ ಸಣ್ಣಮ್ಮ ಎಂಬ ಹೆಂಗಸು ಕಾಲುವೆಗೆ ಅಡ್ಡಲಾಗಿ ಬಿದಿರಿನ ಕೂಳಿ ಇಡುತ್ತಿದ್ದಳು. ಒಳಗೆ ಹೋದ ಮೀನು ಹೊರಗೆ ಬಾರದಂತೆ ಹೆಣೆದ ಉದ್ದ ಬುಟ್ಟಿ ಅದು. ಅವಳ ಗಂಡ ತಿಮ್ಮಯ್ಯ ಆ ತೂಬಿನ ನೀರುಗಂಟಿ; ಗದ್ದೆಗಳಿಗೆ ನೀರು ಬಿಡುವುದು, ನಿಲ್ಲಿಸುವುದು ಅವನ ಕೆಲಸ. ನಮ್ಮ ಹುಡುಕಾಟದಲ್ಲಿ ನಾವು ಮಾತಾಡಿಸದ ಬೆಸ್ತರಿಲ್ಲ, ದೊಡ್ಡ ಬಲೆ ಇರುವ ಗಂಡಸರನ್ನೆಲ್ಲ ಕೂರಿಸಿಕೊಂಡು ಚಿತ್ರ ತೋರಿಸಿದ್ದೆವು. ಸಣ್ಣಮ್ಮನನ್ನು ಮಾತ್ರ ಕೇಳಲಿಲ್ಲ. ಅವಳ ಬುಟ್ಟಿ ಎದುರಾದರೆ ನಾನು ನಮಸ್ಕಾರ ಹೇಳಿ, ವಾಸನೆ ಬಾರದ ಕಡೆಗೆ ಸರಿದು ನಿಲ್ಲುತ್ತಿದ್ದೆ. ಮೀನು ತಿನ್ನದವನಿಗೆ ಸಾರಿಗೆ ಹೋಗುವ ಮೀನಿನ ಬುಟ್ಟಿಯಲ್ಲಿ ಏನು ಕೆಲಸ? ಇಷ್ಟು ದೊಡ್ಡ ತಪ್ಪನ್ನು ಮೂಗಿನ ಮೇಲೆ ಇಟ್ಟುಕೊಂಡು ಊರೂರು ಅಲೆದೆ.

ಎರಡನೇ ವರ್ಷದ ಮುಂಗಾರಿನ ಆರಂಭದಲ್ಲಿ ಒಂದು ಪವಾಡ ನಡೆಯಿತು, ಅದನ್ನು ನಾನೇ ಕೆಡಿಸಿದೆ. ಹಳೇಬೀಡಿನ ಕೆರೆಯಿಂದ ಬಸ್ತಿಹಳ್ಳಿ ಕಡೆಯ ಕಟ್ಟೆಗೆ ಹೋಗುವ ಕಾಲುವೆಯಲ್ಲಿ, ಬೆಳಿಗ್ಗೆ, ನನ್ನ ಕೈಬಲೆಗೆ ಒಂದು ಮೀನು ಬಿತ್ತು. ಮೈ ಮೇಲೆ ಕೆಂಪು ಗೆರೆ! ತಕ್ಷಣ ನೀರು ತುಂಬಿದ ಡಬ್ಬಿಗೆ ಇಳಿಸಿದೆ. ಮೇಡಂ ಅವತ್ತು ಹಾಸನದ ಸಭೆಯಲ್ಲಿದ್ದರು. ಕಚೇರಿಯ ಕ್ಯಾಮೆರಾದಲ್ಲಿದ್ದ ರೀಲು ಹಿಂದಿನ ವಾರ ಗಿಡ ನೆಡುವ ಸಮಾರಂಭದಲ್ಲಿ ಮುಗಿದುಹೋಗಿತ್ತು. ನಾನು ದಾರಿಯುದ್ದಕ್ಕೂ ಒಬ್ಬನೇ ನಗುತ್ತಾ ಕಚೇರಿಗೆ ಬಂದು, ಅಮೂಲ್ಯ ವಸ್ತು ಕೆಡಬಾರದು ಎಂದು ಅದನ್ನು ಫಾರ್ಮಲಿನ್ ಸೀಸೆಗೆ ಹಾಕಿ, ಮುಚ್ಚಳ ಬಿಗಿದು, ಮೇಲೆ ಅರಗು ಬೇರೆ ಹಾಕಿದೆ. ಎರಡು ದಿನ ಬಿಟ್ಟು ಮೇಡಂ ಬಂದು ನೋಡಿದರು. ಸೀಸೆಯಲ್ಲಿ ಬೂದಿ ಬಣ್ಣದ ಒಂದು ಮರಳು ಮೀನು ಕಣ್ಣು ಬಿಟ್ಟುಕೊಂಡು ನಿಂತಿತ್ತು. ಗೆರೆ ಇಲ್ಲ. ಔಷಧಿಗೆ ಬಣ್ಣ ಕರಗಿಹೋಗುತ್ತದೆ ಎಂಬುದು ನನಗೆ ಗೊತ್ತಿದ್ದರೆ ತಾನೆ!

"ನೀವು ಕಣ್ಣಾರೆ ನೋಡಿದಿರಾ?" ಎಂದು ಮೇಡಂ ಕೇಳಿದರು.

"ನನ್ನಾಣೆ ಮೇಡಂ."

ಅವರು ನನ್ನನ್ನು ನಂಬಿದರು. ಆ ಒಂದು ಉಪಕಾರವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಆದರೆ ಸೀಸೆಯನ್ನು ಪರೀಕ್ಷೆಗೆ ಕಳಿಸಿದ ಕಡೆಯಿಂದ ಬಂದ ಉತ್ತರ ಒಂದೇ ಸಾಲು: ಇದು ಸಾಮಾನ್ಯ ಮರಳು ಮೀನು. ಆ ಪತ್ರದ ಪ್ರತಿ ಹಾಸನದಲ್ಲಿದ್ದ ಹನುಮಂತೇಗೌಡರ ಮೇಜಿಗೂ ಹೋಯಿತು. ಅವರು ಫೋನಿನಲ್ಲಿ ಗುಡುಗಿದ್ದು ಪಕ್ಕದ ಕೋಣೆಯಲ್ಲಿದ್ದ ನನಗೂ ಕೇಳಿಸಿತು. ಬಸ್ತಿಹಳ್ಳಿ ಕಟ್ಟೆಯನ್ನು ಮರಿ ಸಾಕುವ ಕಟ್ಟೆ ಮಾಡಲು ಆಗಲೇ ಯೋಜನೆ ಬಂದಿತ್ತು. ಮೇಡಂ ಅದನ್ನು ತಡೆಹಿಡಿದಿದ್ದರು. ಈ ಮೀನು ಎಲ್ಲಾದರೂ ಉಳಿದಿದ್ದರೆ ಮರಳು ತಳದ ಈ ಕಟ್ಟೆಯಲ್ಲೇ ಇರಬೇಕು ಎಂಬುದು ಅವರ ಲೆಕ್ಕ. "ಬೇಸಿಗೆಯೊಳಗೆ ಜೀವಂತ ಮೀನು ತೋರ್ಸಿ. ಇಲ್ಲಾಂದ್ರೆ ಹಿಂಡಿ ಹಾಕ್ಸಿ" ಎಂದು ಗೌಡರು ಗಡುವು ಕೊಟ್ಟರು.

ಸಂಕ್ರಾಂತಿ ಕಳೆದ ಮೇಲೆ ನಾಲ್ಕು ದಿನ ನಾನು ಆ ಕಟ್ಟೆಯನ್ನು ಮೂಲೆ ಮೂಲೆ ಜಾಲಾಡಿದೆ. ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಸಿಕ್ಕಿದ್ದೆಲ್ಲ ಮರಳು ಮೀನು. ಬುಟ್ಟಿಗಟ್ಟಲೆ ಬೂದಿ ಬಣ್ಣದ ಮರಳು ಮೀನು. ತನಿಖಾ ನಮೂನೆಯಲ್ಲಿ ಜಾಗ, ಬಲೆ, ಬಲೆಯ ಕಣ್ಣಿನ ಅಳತೆ, ದಿನಾಂಕ ಎಲ್ಲಕ್ಕೂ ಕಲಂ ಇತ್ತು. ಕೊನೆಯ ಕಲಮಿನಲ್ಲಿ "ಇಲ್ಲ" ಎಂದು ಬರೆದು ಸಹಿ ಮಾಡಿದೆ. ಮೇಡಂ ಅದನ್ನು ನೋಡಿ ನೋಟ್ ಬುಕ್ಕನ್ನು ಬೀರುವಿನೊಳಗೆ ಇಟ್ಟರು.

ಮೇ ತಿಂಗಳ ಕೊನೆ. ಹಿಂಡಿ ಹಾಕುವ ಹಿಂದಿನ ದಿನ ಸಂಜೆ ಗುಡುಗಿ ಒಂದು ಒಳ್ಳೆಯ ಮಳೆ ಬಿತ್ತು. ವರ್ಷದ ಮೊದಲನೆಯ ಮಳೆ. ಬೆಳಿಗ್ಗೆ ಕಟ್ಟೆಗೆ ಹೋದಾಗ ನೀರು ಸೊಂಟದ ಕೆಳಗಿತ್ತು, ಮಣ್ಣಿನ ವಾಸನೆ ಇನ್ನೂ ಹೋಗಿರಲಿಲ್ಲ. ಹೊಸ ನೀರು ಬಂದು ವಿಷ ತೆಳುವಾಗದಿರಲಿ ಎಂದು ಮೇಲಿನ ಕೆರೆಯ ತೂಬನ್ನು ಮೊದಲೇ ಮುಚ್ಚಿಸಿದ್ದೆ. ಗೌಡರು ಜೀಪಿನಲ್ಲಿ ಬಂದು ಇಳಿದರು. ಮೇಡಂ ಕೊಡೆ ಹಿಡಿದು ದೂರದ ಹೊಂಗೆ ಮರದ ಕೆಳಗೆ ಮುಖ ಗಂಟಿಕ್ಕಿಕೊಂಡು ನಿಂತಿದ್ದರು. ದಡದಲ್ಲಿ ಸಣ್ಣಮ್ಮನೂ ಹತ್ತು ಹದಿನೈದು ಜನ ಹೆಂಗಸರೂ ಬೇಸಿನ್ನು ಹಿಡಿದು ಕಾಯುತ್ತಿದ್ದರು, ತಿಮ್ಮಯ್ಯನೂ ಪಕ್ಕದಲ್ಲಿ ನಿಂತಿದ್ದ. ನಾನೂ ಇಬ್ಬರು ಕೂಲಿಯವರೂ ಆಚೆ ತುದಿಯಿಂದ ಹಿಂಡಿ ಎರಚುತ್ತಾ ಬಂದೆವು. ಮೂಟೆಗಳಲ್ಲಿ ಅರ್ಧ ಮುಗಿದಿತ್ತು.

ಮೊದಲು ಸಣ್ಣ ಸಣ್ಣ ಗೆಂಡೆ ಮೀನು ಮೇಲೆ ಬಂದವು. ಆಮೇಲೆ ನನ್ನ ಮೊಣಕಾಲಿನ ಹತ್ತಿರ ಒಂದು ಮೀನು ಓರೆಯಾಗಿ ತೇಲಿ ಬಂತು. ಬೆರಳುದ್ದ. ಬೂದಿ ಮೈ. ಕಿವಿರಿನಿಂದ ಬಾಲದವರೆಗೆ ಕೆಂಪು ಗೆರೆ. ಅದರ ಪಕ್ಕದಲ್ಲಿ ಇನ್ನೊಂದು. ಆಚೆ ನಾಲ್ಕು. ನೋಡನೋಡುತ್ತಿದ್ದಂತೆ ನೀರಿನ ತುಂಬ ಕೆಂಪು ಗೆರೆ!

"ಮೇಡಂ! ಬಂತು! ಬಂತು ಮೇಡಂ! ಅದೇ, ಅದೇ!" ನಾನು ನೀರಿನಲ್ಲಿ ಕುಣಿದುಬಿಟ್ಟೆ. ಎರಡೂ ಕೈ ಮೇಲೆತ್ತಿ, ಹಿಂಡಿಯ ಬುಟ್ಟಿ ಎಲ್ಲೋ ಎಸೆದು, ಅಕ್ಷರಶಃ ಕುಣಿದೆ. ಅರ್ಧ ನಿಮಿಷ ಕುಣಿದಿರಬೇಕು. ಆಮೇಲೆ ಕೈಯಲ್ಲಿ ಮೆತ್ತಿದ್ದ ನೊರೆ ಕಣ್ಣಿಗೆ ಬಿತ್ತು. ಮೂರು ವರ್ಷ ಹುಡುಕಿದ ಮೀನು ನನ್ನ ಸುತ್ತ ಬಾಯಿ ಬಿಡುತ್ತಿತ್ತು, ವಿಷ ಹಾಕಿದವನು ನಾನು.

"ಏನ್ರೀ ಶಿವಲಿಂಗಪ್ಪ, ಹಾವು ಗೀವು ಕಚ್ತೇನ್ರೀ?" ಎಂದು ಗೌಡರು ದಡದಿಂದ ಕೂಗಿದರು.

ನನಗಿಂತ ಮೊದಲು ಸಣ್ಣಮ್ಮ ಮಾತಾಡಿದಳು. ಬಗ್ಗಿ ಒಂದು ಮೀನನ್ನು ಬೊಗಸೆಯಲ್ಲಿ ಎತ್ತಿ, "ಅಯ್ಯೋ, ಇದು ಮದ್ಲಿಂಗ! ಇದ್ನೇನಾ ಸಾಮಿ ನೀವು ಇಷ್ಟ್ ದಿನ್ದಿಂದ ಹುಡುಕ್ತಾ ಇದ್ದದ್ದು?" ಎಂದಳು.

"ನಿಂಗೆ ಗೊತ್ತಾ ಸಣ್ಣಮ್ಮ?"

"ಗೊತ್ತಿಲ್ದೇ ಏನು? ಒರ್ಸೊರ್ಸಾ ಸಾರು ಮಾಡ್ತೀನಿ. ಮೊದಲ್ನೇ ಮಳೆಗೆ ಎರಡು ಮೂರು ದಿನ ಗಂಡು ಮೀನು ಹಿಂಗೆ ಮದ್ವೆ ಗಂಡಿನಂಗೆ ಮದ್ಲಿಂಗ ಆಯ್ತವೆ. ಆಮೇಲೆ ಬಣ್ಣ ಹೋಗಿ, ಯಾವತ್ತೂ ಬಣ್ಣ ಬರ್ದಿರೋ ಬೇರೆ ಜಾತಿ ಮರಳು ಮೀನಂಗೇ ಕಾಣ್ತವೆ."

ಅಂದರೆ ನಾವು ಮೂರು ವರ್ಷ ಹಿಡಿದು, ಬೈದು, ಎಸೆದ ಮೀನುಗಳಲ್ಲಿ ಎಷ್ಟೋ ಅದೇ! ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದೆವು. ಚಳಿಗಾಲದಲ್ಲಿ ಬುಟ್ಟಿಗಟ್ಟಲೆ ನೋಡಿ, ನಾನೇ "ಇಲ್ಲ" ಎಂದು ಸಹಿ ಹಾಕಿದೆ.

ಮೇಡಂ ಕೊಡೆ ಬಿಸಾಡಿ ಓಡಿ ಬಂದು ಚಪ್ಪಲಿಯಲ್ಲೇ ನೀರಿಗೆ ಇಳಿದರು. "ಹಿಂಡಿ ನಿಲ್ಸಿ! ಹೊಸ ನೀರು ಬೇಕು, ತಕ್ಷಣ ಬೇಕು! ಹೊಸ ನೀರು ಸಿಕ್ಕಿದ್ರೆ ಬದುಕ್ತವೆ!" ಎಂದು ಕೂಗಿದರು. ಎಲ್ಲರೂ ತಿಮ್ಮಯ್ಯನ ಕಡೆ ನೋಡಿದೆವು. ಅವನು ತಲೆ ಕೆರೆದುಕೊಂಡ.

"ಆರ್ಡರ್ ಇಲ್ದೆ ತೂಬು ಎತ್ತಂಗಿಲ್ಲ ಸಾ. ನೀರಾವರಿ ಸಾಹೇಬ್ರು ನನ್ನ ಕೆಲ್ಸದಿಂದ ತೆಗೀತಾರೆ."

ನಾನು ಗೌಡರ ಕಡೆ ತಿರುಗಿ ಕೈ ಮುಗಿದೆ. "ಸಾರ್, ಬರೆದಿದ್ದು ನಾನು, ತಪ್ಪು ನಂದು. ನನ್ನ ಸಸ್ಪೆಂಡ್ ಮಾಡಿ. ನೀರು ಬಿಡಿಸಿ ಸಾರ್."

ಅವರು ನನ್ನನ್ನು ನೋಡಿದರು, ಸಣ್ಣಮ್ಮನ ಬೊಗಸೆಯ ಮೀನನ್ನು ನೋಡಿದರು. "ಥತ್ ನಿಮ್ಮ" ಎಂದು ಜೀಪಿನ ಲಾಗ್ ಪುಸ್ತಕದಿಂದ ಒಂದು ಹಾಳೆ ಹರಿದು ಬಾನೆಟ್ಟಿನ ಮೇಲಿಟ್ಟು ಬರೆದರು. "ತಗೊಳಯ್ಯ, ನನ್ನ ಸಹಿ ಐತೆ. ಏನಾದ್ರೂ ಆದ್ರೆ ನನ್ನ ತಲೆ. ಎತ್ತು ತೂಬು! ಜೀಪಲ್ಲಿ ಹತ್ತು!" ತಿಮ್ಮಯ್ಯನನ್ನು ಹತ್ತಿಸಿಕೊಂಡು ಜೀಪು ಕೆರೆಯ ಏರಿಗೆ ಹಾರಿಹೋಯಿತು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಸಾರಿಗೆ ಮೀನು ಒಯ್ಯಲು ಬಂದಿದ್ದ ಹೆಂಗಸರು ಹಳೇ ಸೀರೆಗಳನ್ನು ಇಬ್ಬಿಬ್ಬರು ಹಿಡಿದು ನೀರಿನಲ್ಲಿ ಎಳೆದರು. "ಕೆಂಪು ಗೆರೆದೆಲ್ಲ ಬೇಸಿನ್ನಿಗೆ! ಗೆರೆ ಇಲ್ದಿರೋ ಮರಳು ಮೀನು ಹೆಣ್ಣಿರಬೋದು, ಅವೂ ಬೇಕು!" ಎಂದು ಮೇಡಂ ಕೂಗುತ್ತಿದ್ದರು. "ಅವ್ವಾ, ಇದು ಬೇಕಾ? ಇದು ಬೇಡ್ವಾ?" ಎಂದು ಹೆಂಗಸರು ಕೇಳುತ್ತಿದ್ದರು. ನಾನು ಕಟ್ಟೆಗೆ ನೀರು ಬರುವ ಬಾಯಿಗೆ ಮಣ್ಣು ಎಳೆದು ಅಡ್ಡ ಹಾಕಿದೆ, ತೂಬಿನ ನೀರು ವಿಷಕ್ಕೆ ಬೆರೆಯದೆ ಪಕ್ಕದ ಕಾಲುವೆಯಲ್ಲೇ ಹರಿಯಲಿ ಎಂದು. ಗುದ್ದಲಿ ಹುಡುಕಲು ಹೊತ್ತಿರಲಿಲ್ಲ, ಕೈಯಲ್ಲೇ ತೋಡಿದೆ. ಉಗುರು ಕಿತ್ತು ಬಂದದ್ದು ಸಂಜೆ ಗೊತ್ತಾಯಿತು. ಅಷ್ಟರಲ್ಲಿ ಒಣ ಕಾಲುವೆಯಲ್ಲಿ ನೀರು ನಾಗರಹಾವಿನಂತೆ ತಲೆ ಎತ್ತಿ ಬಂತು. ಹಿಂದೆಯೇ ಗೌಡರ ಜೀಪು.

ಬೇಸಿನ್ನುಗಳನ್ನು ಕಾಲುವೆಗೆ ಸುರಿಯಲು ಹೋದೆ. ಸಣ್ಣಮ್ಮ ನನ್ನ ಕೈ ತಡೆದಳು. "ಹಂಗೇ ಬಿಟ್ರೆ ಸೆಳವಿಗೆ ಕೊಚ್ಕೊಂಡು ಹೋಗಿ ಸಾಯ್ತವೆ ಸಾಮಿ. ತಾಳಿ." ಅವಳು ತನ್ನ ಕೂಳಿಯನ್ನು ಹರಿಯುವ ನೀರಿನಲ್ಲಿ ಅಡ್ಡ ಮಲಗಿಸಿ, ಮೀನು ತೆಗೆಯುವ ಹಿಂಬಾಯಿಯಿಂದ ಮೀನುಗಳನ್ನು ಒಳಗೆ ಹಾಕಿ, ಅದಕ್ಕೆ ಹುಲ್ಲು ತುರುಕಿದಳು. ನೀರು ಬಿದಿರಿನ ಸಂದಿಯಿಂದ ಒಳಹೊಕ್ಕು ಹೋಗುತ್ತಿತ್ತು, ಮೀನು ಹೊರಗೆ ಹೋಗುವಂತಿಲ್ಲ. ತೀರಾ ಸೋತಿದ್ದವನ್ನು ಅವಳು ಒಂದೊಂದಾಗಿ ಬೊಗಸೆಯಲ್ಲಿ ಹಿಡಿದು, ನೀರು ಬರುವ ಕಡೆಗೆ ಅದರ ಬಾಯಿ ತಿರುಗಿಸಿ, ಕಾಲುವೆಯಲ್ಲಿ ಕುಕ್ಕರುಗಾಲಲ್ಲಿ ಕೂತಳು. ನಾನೂ ಕೂತೆ. ಮೇಡಂ ಕೂತರು. ಷೂಸು ಬಿಚ್ಚಿ, ಪ್ಯಾಂಟು ಮಡಿಸಿ, ಆರಡಿಯ ಗೌಡರೂ ಬಂದು ಕೂತು ಬೊಗಸೆ ಒಡ್ಡಿದರು.

"ಬಿಗಿಯಾಗಿ ಹಿಡೀಬೇಡಿ ಸಾ, ಉಸಿರಾಡ್ಬೇಕು ಅದು" ಎಂದು ಸಣ್ಣಮ್ಮ ಅವರಿಗೆ ಹೇಳಿಕೊಟ್ಟಳು. ಅವರು ಬೆರಳು ಸಡಿಲ ಮಾಡಿದರು.

ಎಷ್ಟು ಹೊತ್ತು ಕೂತೆವೋ. ನನ್ನ ಬೊಗಸೆಯ ಮೀನು ಸತ್ತೇ ಹೋಗಿದೆ ಎಂದುಕೊಂಡಿದ್ದೆ. ಕಿವಿರು ಒಂದು ಸಲ ಅಲುಗಿತು. ಸುಮ್ಮನಾಯಿತು. ಮತ್ತೆ ಅಲುಗಿತು. ಆಮೇಲೆ ಇದ್ದಕ್ಕಿದ್ದಂತೆ ಮೈ ನೆಟ್ಟಗೆ ಮಾಡಿಕೊಂಡು, ಅಂಗೈಗೆ ಬಾಲ ಬಡಿದು, ಮರಳಿಗೆ ಹೂತುಕೊಳ್ಳುವ ಹಾಗೆ ನನ್ನ ಬೆರಳ ಸಂದಿಗೆ ತಲೆ ತುರುಕಿತು. "ಎದ್ದಿತು!" ಎಂದು ಕೂಗಿದೆ. ಅತ್ತ ಗೌಡರೂ "ನಂದೂ ಎದ್ದೈತೆ ಕಣ್ರೀ!" ಎಂದು ಕೂಗಿದರು. ಹೆಂಗಸರು ಚಪ್ಪಾಳೆ ತಟ್ಟಿದರು.

ಮೂವತ್ತೊಂದು ಮೀನು ಬದುಕಿದವು. ಸತ್ತದ್ದನ್ನು ನಾನು ಎಣಿಸಲಿಲ್ಲ, ಎಣಿಸಲು ನನಗೆ ಆಗಲಿಲ್ಲ. ಬದುಕಿದ್ದನ್ನು ತೂಬಿನ ಕೆಳಗಿನ ಮರಳು ಗುಂಡಿಗೆ ಬಿಟ್ಟೆವು. ಈ ಸಲ ಸೀಸೆಯ ಮಾತೇ ಇಲ್ಲ. ಮೇಡಂ ಬೇಸಿನ್ನಿನಲ್ಲಿಟ್ಟು ಬಣ್ಣದ ಫೋಟೋ ತೆಗೆದು ಅವರ ಮೇಷ್ಟ್ರಿಗೆ ಕಳಿಸಿದರು. ಗೌಡರು ಕಟ್ಟೆಯ ಯೋಜನೆ ರದ್ದು ಮಾಡಿ, ನೀರಾವರಿಯವರ ನೋಟಿಸಿಗೆ ತಾವೇ ಉತ್ತರ ಬರೆದರು. ನನ್ನನ್ನು ಸಸ್ಪೆಂಡ್ ಮಾಡಲಿಲ್ಲ. ನನ್ನ ಸಹಿಯಿದ್ದ ನಮೂನೆಯನ್ನು ಮೇಜಿನ ಮೇಲೆ ಎಸೆದು, "ಸಿಕ್ಕಲಿಲ್ಲ ಅಂತ ಬರೀರಿ. ಇಲ್ಲ ಅಂತ ಬರೆಯೋಕೆ ನೀವ್ಯಾರ್ರೀ?" ಎಂದರು. ಹೊಸಬರೇ, ಆ ಬೈಗುಳವನ್ನು ನಿಮಗೂ ದಾಟಿಸುತ್ತಿದ್ದೇನೆ.

ಆದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಮರಿ ಮಾಡುವ ಮೂರು ದಿನದಲ್ಲೇ ವಿಷ ಕುಡಿದ ಮೀನುಗಳು. ಮೂವತ್ತೊಂದರಲ್ಲಿ ಎಷ್ಟು ಉಳಿದವೋ, ಮೊಟ್ಟೆ ಇಟ್ಟವೋ ಇಲ್ಲವೋ? ಗುಂಡಿಯ ಮರಳು ಕೆದಕಿದರೆ ಬೂದಿ ಬಣ್ಣದ ಮೀನು ಕಾಣುತ್ತಿತ್ತು. ಅದು ಇದೋ, ಬೇರೆಯ ಮರಳು ಮೀನೋ ಹೇಳುವವರಿಲ್ಲ. ಹೇಳಬೇಕಾದದ್ದು ಮಳೆ. ಒಂದು ವರ್ಷ ಕಾದೆ. ಅಷ್ಟರಲ್ಲಿ ಮೇಡಂಗೆ ಕರಾವಳಿಗೆ ವರ್ಗವಾಗಿತ್ತು. ಹೊರಡುವಾಗ ಅವರು ಹೇಳಿದ್ದು ಒಂದೇ ಮಾತು: "ಮೊದಲ ಮಳೆ ಆದ ತಕ್ಷಣ ಫೋನ್ ಮಾಡಿ."

ಮಳೆ ಬಂತು. ಬೆಳಗಾಗುವುದನ್ನೇ ಕಾದು ಬೇಲೂರಿನಿಂದ ಮೊದಲ ಬಸ್ಸು ಹಿಡಿದೆ. ಹಳೇಬೀಡಿನಲ್ಲಿ ಇಳಿದು ಕಾಲುವೆಗೆ ಓಡಿದೆ. ಸಣ್ಣಮ್ಮ ಆಗಷ್ಟೇ ಕೂಳಿ ಎತ್ತುತ್ತಿದ್ದಳು. ಈಗ ನಾನು ದೂರ ನಿಲ್ಲಲಿಲ್ಲ, ಬುಟ್ಟಿಯೊಳಗೇ ತಲೆ ಹಾಕಿದೆ. ಕೆಂಪು ಗೆರೆ! ದೊಡ್ಡವು ಏಳೆಂಟು, ಅವುಗಳ ನಡುವೆ ಅರ್ಧ ಬೆರಳಿನಷ್ಟು ಉದ್ದದ, ಮೊದಲ ಸಲ ಬಣ್ಣ ಬಂದ ಎಳೆಯವು ಲೆಕ್ಕವಿಲ್ಲದಷ್ಟು. ಹೋದ ವರ್ಷ ಹುಟ್ಟಿದವು. ನಾನು ಏನೇನೋ ಕೂಗಿದೆ. ಆಚೆ ಗದ್ದೆಯಲ್ಲಿದ್ದವರು ತಿರುಗಿ ನೋಡಿದರು.

ಸಣ್ಣಮ್ಮ ಕೂಳಿಯ ಹಿಂಬಾಯಿಯ ಹುಲ್ಲು ತೆಗೆದು, ಒಂದೊಂದನ್ನೇ ಬೊಗಸೆಯಲ್ಲಿ ಎತ್ತಿ ಕಾಲುವೆಗೆ ಬಿಡತೊಡಗಿದಳು. ದಡದಲ್ಲಿದ್ದ ಅವಳ ಬೇಸಿನ್ನು ಖಾಲಿ ಇತ್ತು. ರಾತ್ರಿಯೆಲ್ಲ ಇಟ್ಟ ಕೂಳಿಯಲ್ಲಿ ಸಿಕ್ಕಿದ್ದು ಅವು ಮಾತ್ರ, ಬೇರೆ ಮೀನಿಲ್ಲ.

"ಸಾರಿಗೆ ಬೇಡ್ವಾ ಸಣ್ಣಮ್ಮ? ನಾನೇನೂ ಅನ್ನಲ್ಲ. ನೀನು ವರ್ಷ ವರ್ಷ ತಿನ್ನೋದೇ ತಾನೆ" ಎಂದೆ.

"ಬ್ಯಾಡಿ ಬಿಡಿ ಸಾಮಿ" ಎಂದಳು ತಲೆ ಎತ್ತದೆ. "ಆವತ್ತು ಇದೇ ಕೈಯಾಗೆ ಒಂದೊಂದೂ ಎದ್ದು ಕುಂತವು. ಎಬ್ಬಿಸಿದ ಕೈಲಿ ಹೆಂಗೆ ಕುಯ್ಲಿ?"

ಜೀವಮಾನದಲ್ಲಿ ಒಂದು ಮೀನನ್ನೂ ಬಾಯಿಗಿಡದ ನಾನು, ಕೊಂದ ಮೀನಿಗೆ ಲೆಕ್ಕವಿಟ್ಟವನಲ್ಲ. ಅವಳ ಎದುರು ನಿಂತು ನನಗೆ ನಾಚಿಕೆಯಾಯಿತು, ಅಷ್ಟೇ ಸಂತೋಷವೂ ಆಯಿತು. ಪಂಚೆ ಎತ್ತಿ ಕಟ್ಟಿ ಕಾಲುವೆಗೆ ಇಳಿದು ಅವಳಿಗೆ ಸಲೀಸಾಗಲಿ ಎಂದು ಕೂಳಿಯ ಹಿಂಬಾಯನ್ನು ನೀರಿನೊಳಗೆ ಓರೆ ಮಾಡಿ ಹಿಡಿದೆ. ಉಳಿದವು ತಾವಾಗಿಯೇ ಹೊರಗೆ ಹೋದವು.